ರೆಪ್ಪೆಯ ಮೇಲಿನ ತಂಪು

ಅತ್ತೆಯ ಬಲಗೈ ಮಣಿಕಟ್ಟು ಬಾತುಕೊಂಡಿತ್ತು. ಹದಿನೈದು ದಿನ ಸಾಣೆಯ ಮುಂದೆ ಕೂರಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ಮನೆಯವರೆಲ್ಲ ಒಂದಾಗಿ ಅವಳನ್ನು ತಂಗಿಯ ಮನೆಗೆ ಸಾಗಹಾಕಿದರು. ಮನೆಯಲ್ಲಿದ್ದರೆ ಅವಳು ಕೈ ಕಟ್ಟಿ ಕೂರುವ ಪೈಕಿಯಲ್ಲ. ಆ ಹದಿನೈದು ದಿನಗಳಲ್ಲಿಯೇ ಅಳಿಯ ಮನೆಯ ಹಸಿರು ಮಣಿಗಳನ್ನೆಲ್ಲ ಒಂದು ಮಾಡಿದ್ದು.

ಅಳಿಯ ಲಾರಿ ಮೆಕ್ಯಾನಿಕ್. ಇಪ್ಪತ್ತು ವರ್ಷ ಲಾರಿಗಳ ಹೊಟ್ಟೆಯಡಿ ಅಂಗಾತ ಮಲಗಿ ಬದುಕಿದವನು. ಹೆದ್ದಾರಿ ಬೇರೆ ಕಡೆ ತಿರುಗಿ ಗ್ಯಾರೇಜು ಮುಚ್ಚಿದ ಮೇಲೆ, ಹೆಂಡತಿ ಮತ್ತು ಹತ್ತು ವರ್ಷದ ಮಗಳ ಜೊತೆ ಹೆಂಡತಿಯ ತವರಿಗೆ ಬಂದು ಎಂಟು ತಿಂಗಳಾಗಿತ್ತು. ಆ ಮನೆಯ ಕಸುಬು ಕಲ್ಲಿನ ಒಡವೆ. ಮಾವ ಒಂದು ಕಾಲಕ್ಕೆ ಬಾವಿ ತೋಡುತ್ತಿದ್ದವನು. ಆಳದಲ್ಲಿ ಬಣ್ಣದ ಕಲ್ಲು ಕಂಡಾಗಲೆಲ್ಲ ಮಣ್ಣಿನ ಬುಟ್ಟಿಯಲ್ಲಿ ಹೆಂಡತಿಗೆಂದು ಮೇಲಕ್ಕೆ ಕಳಿಸುತ್ತಿದ್ದ. ಅವಳು ಅದನ್ನು ಉಜ್ಜಿ ಉಜ್ಜಿ ಮಣಿ ಮಾಡಿದಳು. ಒಬ್ಬರ ಕೊರಳಿನಲ್ಲಿ ನೋಡಿ ಇನ್ನೊಬ್ಬರು ಕೇಳಿದರು, ಅವರದನ್ನು ನೋಡಿ ಮತ್ತೊಬ್ಬರು. ಈಗ ಕಲ್ಲು ಬೆಟ್ಟದ ಕ್ವಾರಿಯಿಂದ ಮೂಟೆಯಲ್ಲಿ ಬರುತ್ತಿತ್ತು. ಅತ್ತೆ ಸಾಣೆ ಹಿಡಿದು ತೂತು ಕೊರೆಯುವುದು, ಅಳಿಯನ ಹೆಂಡತಿ ಪೋಣಿಸಿ ಬೆಳ್ಳಿಯ ಕೊಂಡಿ ಹಾಕುವುದು, ಮಾವ ಅಡುಗೆ ಮಾಡುವುದು. ಅಳಿಯನ ಪಾಲಿಗೆ ಸಾಣೆಯ ಬೆಲ್ಟು ಬಿಗಿ ಮಾಡುವುದು, ಗಿರಾಕಿಗಳ ಮನೆಗೆ ಡಬ್ಬ ಮುಟ್ಟಿಸುವುದು. ಸಾಣೆಯ ಮುಂದಿನ ಗಿಡ್ಡ ಮಣೆಯ ಮೇಲೆ ಅವನು ಒಂದು ದಿನವೂ ಕೂತವನಲ್ಲ. ಯಾರೂ ಬೇಡವೆಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ.

ಪೇಟೆಯ ಅಂಗಡಿಯವನು ಮುಂದಿನ ತಿಂಗಳ ಕೊನೆಗೆ ಹನ್ನೆರಡು ಹಸಿರು ಸರ ಬೇಕೆಂದು ಹೇಳಿದ್ದ. ಸರಕ್ಕೆ ಅರವತ್ತು ಮಣಿ. ಮನೆಯಲ್ಲಿದ್ದದ್ದು ಆರುನೂರರ ಆಸುಪಾಸು. ಅತ್ತೆಯ ಕೈ ಹೀಗಾದ ಮೇಲೆ ಉಳಿದದ್ದು ಎಲ್ಲಿಂದ ಬರಬೇಕು ಎಂದು ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಸ್ಕೂಟರಿನ ಮೇಲೆ ಹೊಸ ವ್ಯಾಪಾರಿಯೊಬ್ಬ ಬಂದ. ಅವನ ಚೀಲದಲ್ಲಿ ಅದೇ ಹಸಿರು, ಅದೇ ಬಿಳಿ ಎಳೆ, ಗುಂಡಗೆ ಹೊಳೆಯುವ ಇನ್ನೂರು ಮಣಿ. ಅಳಿಯ ಬೆಳಕಿಗೆ ಹಿಡಿದ, ಭೂತಗನ್ನಡಿಯಲ್ಲಿ ನೋಡಿದ, ಹಲ್ಲಿನಲ್ಲಿ ಕಚ್ಚಿದ. ಕಲ್ಲೇ. ಕೊಂಡ.

ಅಷ್ಟಕ್ಕೆ ನಿಂತಿದ್ದರೆ ಚಿಂತೆಯಿರಲಿಲ್ಲ. ಗ್ಯಾರೇಜಿನಲ್ಲಿ ಬೇರಿಂಗಿನ ಗುಂಡುಗಳನ್ನು ಅಳತೆ ಪ್ರಕಾರ ವಿಂಗಡಿಸಿಟ್ಟು ರೂಢಿಯಾದ ಕೈ. ಅತ್ತೆಯ ಕಪಾಟಿನಲ್ಲಿ ಮಣಿಗಳು ಹಳೆಯ ಬಿಸ್ಕತ್ತಿನ ಡಬ್ಬಿ, ಔಷಧಿ ಡಬ್ಬಿ, ಮುಚ್ಚಳವಿಲ್ಲದ ಡಬ್ಬಿಗಳಲ್ಲಿ ದೊಡ್ಡದು ಚಿಕ್ಕದು ಎನ್ನದೆ ಬಿದ್ದಿದ್ದವು. ಅದನ್ನು ಕಂಡರೆ ಅವನ ಕೈ ತುರಿಸುತ್ತಿತ್ತು. ತಗಡಿನಲ್ಲಿ ಮೂರು ಅಳತೆಯ ತೂತು ಕೊರೆದು ಜರಡಿ ಮಾಡಿದ. ಡಬ್ಬಿಗಳನ್ನೂ ಹೊಸ ಚೀಲವನ್ನೂ ಒಟ್ಟಿಗೆ ಸುರಿದು ಜರಡಿ ಹಿಡಿದ. ಮೂರು ತಟ್ಟೆಗಳಲ್ಲಿ ಎಂಟುನೂರು ಮಣಿ, ಒಂದರ ಪಕ್ಕ ಒಂದು, ಸಿಪಾಯಿಗಳ ಹಾಗೆ. ಹೆಂಡತಿಯೂ ನೋಡಿ, "ಪರವಾಗಿಲ್ಲ ರೀ, ನಿಮ್ಮ ಕೈಗೂ ಒಂದು ಕೆಲಸ ಬಂತು," ಅಂದಳು. ಅದೇ ತಟ್ಟೆಯಿಂದ ಅವಳು ಒಂದು ಸರ ಕಟ್ಟಿ, ನದಿಯಾಚೆಯ ನರ್ಸಮ್ಮನಿಗೆ ಮಾರಿಯೂ ಆಯಿತು.

ಅತ್ತೆ ಬಂದವಳು ಕೈಚೀಲವನ್ನೂ ಇಳಿಸದೆ ಕಪಾಟಿನ ಮುಂದೆ ನಿಂತಳು.

"ನನ್ನ ಡಬ್ಬಿಗಳು ಎಲ್ಲಿ?"

"ತೊಳೆದು ಬಿಸಿಲಿಗಿಟ್ಟಿದ್ದೀನಿ ಅತ್ತೆ. ಇನ್ನು ಅವು ಬೇಕಾಗಲ್ಲ. ಇಲ್ಲಿ ನೋಡಿ, ಆರು, ಎಂಟು, ಹತ್ತು ಮಿಲಿಮೀಟರು. ಕಣ್ಣು ಮುಚ್ಚಿ ತೆಗೆದರೂ ಅಳತೆ ತಪ್ಪಲ್ಲ." ಅಳಿಯನ ಮಾತಿನಲ್ಲಿ ಹೆಮ್ಮೆ ತುಳುಕುತ್ತಿತ್ತು.

ಅತ್ತೆ ತಟ್ಟೆಯ ಮುಂದೆ ಕೂತು ಒಂದು ಮಣಿ ಎತ್ತಿದಳು, ತಲೆಯನ್ನು ಗೋಡೆಗೆ ಆನಿಸಿದಳು, ಕಣ್ಣು ಮುಚ್ಚಿ ಮಣಿಯನ್ನು ರೆಪ್ಪೆಯ ಮೇಲಿಟ್ಟುಕೊಂಡಳು. ಪ್ರಯಾಣದ ಆಯಾಸ ಎಂದುಕೊಂಡ ಅಳಿಯ. ಅವಳು ಅದನ್ನು ಇಳಿಸಿ ಇನ್ನೊಂದನ್ನು ಇಟ್ಟುಕೊಂಡಳು. ಆಮೇಲೆ ಮತ್ತೊಂದು. ಐದನೆಯದನ್ನು ರೆಪ್ಪೆಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿ, ಬಾಗಿಲಲ್ಲಿ ಗುರುತಿಲ್ಲದವರನ್ನು ಕಂಡವಳ ಹಾಗೆ ಕೇಳಿದಳು:

"ಇದು ಯಾರು?"

ಅದು ಕಲ್ಲಲ್ಲ, ಗಾಜು ಎಂದು ಅತ್ತೆ ಹೇಳಿದ ಮೇಲೆ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತರು. ಮಾವ ಅನ್ನ ಬಡಿಸಿದ, ಬೇಳೆ ಬಡಿಸಿದ, ಬೇಯಿಸಿದ ಸೊಪ್ಪು ಬಡಿಸಿದ.

"ಗಾಜು ಅಂತ ಹೇಗೆ ಹೇಳ್ತೀರಿ ಅತ್ತೆ? ನಾನು ಭೂತಗನ್ನಡಿ ಹಿಡಿದು ನೋಡಿದ್ದೀನಿ," ಅಂದ ಅಳಿಯ.

"ಕಣ್ಣಿಗೆ ಸುಳ್ಳು ಹೇಳೋದು ಕಷ್ಟ ಅಲ್ಲ."

"ಗೀರಿ ನೋಡಿದರೆ? ಗಾಜಿಗೆ ಗೀರು ಬೀಳ್ತದೆ."

"ಗೀರು ಬಿದ್ದ ಮಣೀನ ಯಾರ ಕೊರಳಿಗೆ ಹಾಕ್ತೀರಿ?"

"ತೂಕ?"

"ಒಂದೇ."

ಹೆಂಡತಿ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. "ಕೇಳಬೇಕಿತ್ತು ರೀ. ಒಂದು ಫೋನು ಮಾಡಿದ್ದರೆ ಏನು ಕಿರೀಟ ಬಿದ್ದುಹೋಗ್ತಿತ್ತಾ?"

"ನೀನೂ ಅಲ್ಲೇ ಇದ್ದೆ."

"ಇದ್ದೆ. ನನ್ನ ಬಾಯಿಗೂ ಬೀಗ ಬಿದ್ದಿತ್ತು ಅಂದುಕೊಳ್ಳಿ."

"ಪ್ರತಿ ಡಬ್ಬಿಯಲ್ಲೂ ಒಂದೊಂದು ಕಲ್ಲಿನ ಮಕ್ಕಳಿದ್ದವು," ಅಂದಳು ಅತ್ತೆ, ಯಾರಿಗೆಂದೂ ಅಲ್ಲದೆ. "ಒಂದು ಕಲ್ಲುಗುಂಡಿನಿಂದ ಬಂದವನ್ನ ಒಂದೇ ಸರಕ್ಕೆ ಹಾಕ್ತಿದ್ದೆ. ಹೋಗಲಿ, ಅದು ನನ್ನ ಹುಚ್ಚು. ಆದರೆ ಮೂವತ್ತು ವರ್ಷದಲ್ಲಿ ಈ ಹೊಸ್ತಿಲು ದಾಟಿ ಕಲ್ಲು ಅನ್ನೋ ಹೆಸರಿನಲ್ಲಿ ಗಾಜು ಹೋಗಿಲ್ಲ."

ಅಳಿಯ ತಟ್ಟೆ ನೋಡುತ್ತ ಅಂದ, "ಪಕ್ಕದ ಊರಿನ ಗ್ಯಾರೇಜಿನಲ್ಲಿ ಆಳು ಬೇಕಂತೆ. ಹೋಗಿ ಸೇರಿಕೊಳ್ತೀನಿ. ಇಲ್ಲಿ ನನ್ನಿಂದ ಆಗೋದು ಇಷ್ಟೇ."

"ಹೋಗುವಿರಂತೆ," ಅಂದ ಮಾವ, ಇನ್ನೊಂದು ಸೌಟು ಬೇಳೆ ಬಡಿಸುತ್ತ. "ಬಾವಿಗೆ ಬಕೆಟ್ಟು ಬೀಳಿಸಿದವರೇ ಇಳಿದು ತೆಗೆಯೋದು. ತೆಗೆದು, ಮೈ ಒರೆಸಿಕೊಂಡು, ಆಮೇಲೆ ಯಾವ ಊರಿಗೆ ಬೇಕಾದರೂ ಹೋಗಿ."

ಊಟವಾದ ಮೇಲೂ ಅಳಿಯನ ಮನಸ್ಸು ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳುವ ಮಾತನ್ನು ಹೇಗೆ ನಂಬುವುದು? ಅತ್ತೆಗೆ ಅದು ಗೊತ್ತಾಯಿತು. ಹತ್ತು ಮಣಿಗಳನ್ನು ಬೋಗುಣಿಯ ನೀರಿನಲ್ಲಿ ಹಾಕಿಸಿ, ಒಂದೊಂದನ್ನೇ ಒರೆಸಿ ರೆಪ್ಪೆಗಿಟ್ಟು, ಎಡಕ್ಕೆ ಏಳು ಬಲಕ್ಕೆ ಮೂರು ಮಾಡಿದಳು. "ಎರಡೂ ಕಡೆಯಿಂದ ಒಂದೊಂದನ್ನ ಒಡೆದು ನೋಡಿ," ಅಂದಳು.

ಸುತ್ತಿಗೆ ಬಿತ್ತು. ಬಲಗಡೆಯದು ಕಿಟಕಿಯ ಗಾಜು ಒಡೆದ ಹಾಗೆ ನುಣ್ಣಗೆ, ಹೊಳೆಯುತ್ತ, ಅಲಗು ಅಲಗಾಗಿ ಸೀಳಿತು. ಎಡಗಡೆಯದು ಒಡೆದಾಗ ಒಳಗೆ ಒರಟಾಗಿ, ಸಕ್ಕರೆಯ ಅಚ್ಚು ಮುರಿದಂತೆ ಕಾಳು ಕಾಳು. ಅತ್ತೆ ಆ ಚೂರುಗಳನ್ನು ಗುಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅಳಿಯ ಇನ್ನೆರಡನ್ನು ಒಡೆಯಲು ಸುತ್ತಿಗೆ ಎತ್ತಿದವನು ಹಾಗೇ ಇಳಿಸಿದ. ಲಾರಿಯ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ತನ್ನ ಗುರುವೊಬ್ಬನ ನೆನಪಾಯಿತು. ಅಲ್ಲಾದರೂ ಸದ್ದಿತ್ತು. ಇಲ್ಲಿ ಅದೂ ಇಲ್ಲ.

ಮಾರನೆಯ ಬೆಳಗಿನಿಂದ ಮನೆಯ ದಿನಚರಿಯೇ ಬದಲಾಯಿತು. ಬೆಳಗಿನ ತಂಪಿನಲ್ಲಿ ಮಾತ್ರ ಆ ಕೆಲಸ ಆಗುವಂಥದ್ದು. ಗಂಜಿ ಕುಡಿದವರೇ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗಬೇಕು. ತಲೆಯ ಹತ್ತಿರ ನೀರಿನ ಬೋಗುಣಿ, ಒರೆಸುವ ಬಟ್ಟೆ, ಎರಡು ತಟ್ಟೆ. ಒಂದು ರೆಪ್ಪೆಗೆ ಮೂವತ್ತು ಮಣಿಯಾದರೆ ಅದು ಜೋಮು ಹಿಡಿದು ಏನೂ ಹೇಳುವುದಿಲ್ಲ. ಅಂಗೈ ಉಜ್ಜಿ ಬಿಸಿ ಕೊಟ್ಟು ಕಾಯಬೇಕು. ಯಾರು ಏನೇ ವಿಂಗಡಿಸಿದರೂ ಕೊನೆಗೆ ಅತ್ತೆಯ ರೆಪ್ಪೆ ಹಾಯಬೇಕು.

ಮೊದಲನೆಯ ದಿನ ಮಾವ ಎರಡು ಕಣ್ಣಿಗೂ ಮಣಿ ಇಟ್ಟುಕೊಂಡು ಗೊರಕೆ ಹೊಡೆದ. ಮಗಳು ಮಾತ್ರ ಎರಡೇ ದಿನದಲ್ಲಿ ಪಳಗಿಬಿಟ್ಟಳು.

"ಅಪ್ಪ, ಇದು ಗಾಜು. ಇದು ಕಲ್ಲು. ಇದೂ ಕಲ್ಲು. ನಿನಗೆ ಗೊತ್ತಾಗ್ತಿಲ್ವಾ?"

"ಎಲ್ಲವೂ ತಣ್ಣಗೇ ಇವೆ ಪುಟ್ಟಿ."

"ನಿನ್ನ ಚರ್ಮ ಟೈರಿನದು ಅಂತ ಅಮ್ಮ ಹೇಳ್ತಾಳೆ."

"ನಿನ್ನ ಅಮ್ಮ ಇನ್ನೂ ಏನೇನು ಹೇಳ್ತಾಳೆ?"

"ಅದನ್ನ ಹೇಳಬೇಡ ಅಂತಾನೂ ಹೇಳಿದ್ದಾಳೆ."

ಪಕ್ಕದ ಚಾಪೆಯಲ್ಲಿ ಹೆಂಡತಿ ಕಣ್ಣು ತೆರೆಯದೆ ನಕ್ಕಳು. ಮಣಿ ಜಾರಿ ಉರುಳಿ ಹೋಯಿತು. ಊಟದ ಹೊತ್ತಿನ ಜಗಳದ ನಂತರ ಅವಳು ನಕ್ಕದ್ದು ಅದೇ ಮೊದಲು. ಅಳಿಯನಿಗೆ ಅಷ್ಟೇ ಸಾಕಾಯಿತು.

ಅಂಗಡಿಯವನು ತನ್ನ ಸರಕು ಎಲ್ಲಿಗೆ ಬಂತೆಂದು ವಿಚಾರಿಸಲು ಬಂದದ್ದು ಇಂಥ ಒಂದು ಬೆಳಿಗ್ಗೆಯೇ. ಬಾಗಿಲು ತೆರೆದೇ ಇತ್ತು. ಒಳಗೆ ಇಣುಕಿದರೆ ಮುದುಕ, ಮುದುಕಿ, ಗಂಡ, ಹೆಂಡತಿ, ಮಗು, ಐವರೂ ಸಾಲಾಗಿ ಅಂಗಾತ, ಕಣ್ಣಿನ ಮೇಲೆ ಹಸಿರು ಮಣಿ, ಒಬ್ಬರೂ ಅಲುಗಾಡುತ್ತಿಲ್ಲ. ಅವನ ಕೈಯಲ್ಲಿದ್ದ ಕೊಡೆ ಕೆಳಗೆ ಬಿತ್ತು.

"ಯಾರದು?" ಅಂದಳು ಅತ್ತೆ ಮಲಗಿದಲ್ಲಿಂದಲೇ.

"ಅಯ್ಯೋ, ಬದುಕಿದ್ದೀರಾ," ಅಂದ ಅಂಗಡಿಯವನು.

ಸಂಗತಿ ಕೇಳಿ ಅವನು ಹುಬ್ಬು ಗಂಟಿಕ್ಕಿದ. "ಅಲ್ಲಮ್ಮ, ಸರಕ್ಕೆ ನಾಲ್ಕು ಗಾಜಿನ ಮಣಿ ಇದ್ದರೆ ಯಾರಿಗೆ ತಿಳೀತದೆ? ನನಗೆ ಹನ್ನೆರಡು ಸರ ಬೇಕು."

"ಚಾಪೆ ಇದೆ. ಮಲಗಿ," ಅಂದಳು ಅತ್ತೆ.

ದೊಡ್ಡ ಹೊಟ್ಟೆಯ ಮನುಷ್ಯ ನಾಚಿಕೊಂಡೇ ಮಲಗಿದ. ಅತ್ತೆ ಅವನ ರೆಪ್ಪೆಯ ಮೇಲೆ ಮೊದಲು ಗಾಜನ್ನಿಟ್ಟಳು, ಆಮೇಲೆ ಕಲ್ಲನ್ನು. ಅವನು ಎದ್ದು ಕೂತು, ಕಣ್ಣುಜ್ಜಿಕೊಂಡು, "ನಾನು ಇಪ್ಪತ್ತೈದು ವರ್ಷದಿಂದ ಇದನ್ನ ಮಾರ್ತಾ ಇದ್ದೀನಿ," ಅಂದ. ಹೋಗುವಾಗ ಕೊಡೆ ಎತ್ತಿಕೊಂಡು, "ಎಷ್ಟಾಗ್ತದೋ ಅಷ್ಟು ಕೊಡಿ," ಅಂದ.

ಅಳಿಯನಿಗೆ ಅದು ಒಲಿದದ್ದು ಆರನೆಯ ದಿನ. ಅಲ್ಲಿಯವರೆಗೆ ಅವನು ವಿಂಗಡಿಸಿದ್ದರಲ್ಲಿ ಅರ್ಧವನ್ನು ಅತ್ತೆ ಆಚೆಯ ತಟ್ಟೆಗೆ ಬದಲಾಯಿಸುತ್ತಿದ್ದಳು. ಅಂದು ಅವಳು ತನ್ನ ಚಾಪೆಯಿಂದ ಮಗ್ಗುಲಾಗಿ ಅವನ ಕಡೆ ನೋಡಿದಳು.

"ತಣ್ಣಗಿದೆಯಾ ಅಂತ ಕೇಳ್ತಾ ಇದ್ದೀರಿ ನೀವು. ಅದನ್ನ ಕೇಳಬೇಡಿ. ಎಷ್ಟು ಹೊತ್ತು ತಣ್ಣಗಿರ್ತದೆ ಅಂತ ಕಾಯಿರಿ. ಅವಸರ ಬೇಡ, ಹಿಂದೆ ಯಾವ ಲಾರಿಯೂ ನಿಂತಿಲ್ಲ."

ಅಳಿಯ ಕಾದ. ಮೊದಲ ಮಣಿ ತಣ್ಣಗೆ ಬಂದು ಕೂತಿತು. ಅವನು ಎರಡು ಉಸಿರು ಎಳೆಯುವಷ್ಟರಲ್ಲಿ ಅದು ಅವನ ಬಿಸಿಯನ್ನು ಕುಡಿದು, ಅಲ್ಲಿ ಏನೋ ಇದೆ ಎಂಬ ಗುರುತೇ ಇಲ್ಲದ ಹಾಗೆ ಆಗಿಬಿಟ್ಟಿತು. ಅದನ್ನು ಬಲಕ್ಕಿಟ್ಟ. ಎರಡನೆಯದೂ ತಣ್ಣಗೆ ಬಂತು. ಎರಡು ಉಸಿರು, ನಾಲ್ಕು, ಆರು. ಅದು ಅವನಿಂದ ಬಿಸಿಯನ್ನು ತೆಗೆದುಕೊಳ್ಳುತ್ತಲೇ ಇತ್ತು, ಕೊಡುತ್ತಿರಲಿಲ್ಲ. ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಚೂರು. ಅದರೊಳಗೆ ಇಷ್ಟು ತಂಪು ಎಲ್ಲಿ ಹಿಡಿಸಿತ್ತು? ಅಳಿಯನಿಗೆ ತಾನು ಮಲಗಿದ್ದ ನೆಲ, ನೆಲದಡಿಯ ಮಣ್ಣು, ಮಣ್ಣಿನಡಿ ಬಿಸಿಲು ಎಂಬುದನ್ನೇ ಕಾಣದ ಬಂಡೆ, ಎಲ್ಲವೂ ಆ ಒಂದು ಚುಕ್ಕೆಯಲ್ಲಿ ತನ್ನ ಕಣ್ಣಿಗೆ ಬಂದು ತಾಗಿದಂತಾಯಿತು. ಉಸಿರು ಬಿಡಲೂ ಅಂಜಿಕೆಯಾಯಿತು.

"ಸಿಕ್ಕಿತಾ?" ಅಂದ ಮಾವ ಮೆಲ್ಲಗೆ.

ಅಳಿಯ ಹೂಂ ಅಂದ.

"ನಲವತ್ತು ಅಡಿ ಕೆಳಗೆ ಇಳಿದಾಗ ಬಂಡೆಗೆ ಕೆನ್ನೆ ಒತ್ತಿದರೆ ಹೀಗೇ ಇರೋದು. ಮೇಲೆ ಬೇಸಿಗೆ ಸುಡ್ತಾ ಇರ್ತದೆ. ಕೆಳಗಡೆಯದಕ್ಕೆ ಸುದ್ದಿಯೇ ಮುಟ್ಟಿರೋದಿಲ್ಲ."

ಮೂರನೆಯ ವಾರಕ್ಕೆ ಮನೆಯಲ್ಲುಳಿದ ಏಳುನೂರ ಚಿಲ್ಲರೆ ಮಣಿಯೂ ಮುಗಿದವು. ಬಲಗಡೆಯ ತಟ್ಟೆಯಲ್ಲಿ ನೂರಮೂವತ್ತು ಗಾಜು; ವ್ಯಾಪಾರಿ ಚೀಲಕ್ಕೆ ಒಂದಿಷ್ಟು ಅಸಲಿ ಕಲ್ಲನ್ನೂ ಬೆರೆಸಿದ್ದ. ಮಗಳು ಅದನ್ನು ಆಟಕ್ಕೆ ಕೇಳಿದಳು. ಅತ್ತೆ ಕೊಟ್ಟಳು, ಇದು ಗಾಜು ಎಂದು ಅವಳ ಬಾಯಿಂದ ಮೂರು ಸಲ ಹೇಳಿಸಿ. ಅಂಗಡಿಗೆ ಹತ್ತು ಸರ ಹೋಯಿತು. ಉಳಿದದ್ದು ನರ್ಸಮ್ಮನ ಕೊರಳಲ್ಲಿದ್ದದ್ದು.

"ಅವರು ಖುಷಿಯಾಗಿ ಹಾಕಿಕೊಂಡು ಓಡಾಡ್ತಾ ಇದ್ದಾರೆ," ಅಂದಳು ಹೆಂಡತಿ, ಇಕ್ಕಳ ಕೆಳಗಿಟ್ಟು. "ನಾವಾಗಿ ಹೋಗಿ ಗಾಜು ಇರಬಹುದು ಅಂದರೆ ಹತ್ತು ಜನಕ್ಕೆ ಹೇಳ್ತಾರೆ. ಹೊಸ ಸರ ಕಟ್ಟಿ ಏನೋ ನೆಪ ಹೇಳಿ ಬದಲಾಯಿಸಿ ಬರೋಣ."

"ಹೊಸ ಸರಕ್ಕೆ ಮಣಿ ಎಲ್ಲಿದೆ? ಹದಿನೈದು ಉಳಿದಿದೆ," ಅಂದಳು ಅತ್ತೆ.

"ಹಾಗಾದರೆ ಸುಮ್ಮನಿದ್ದುಬಿಡೋಣ ಅಮ್ಮ. ಒಂದೇ ಒಂದು ಸರ."

ಅತ್ತೆ ಅಳಿಯನ ಕಡೆ ನೋಡಿದಳು. "ನೀವು ಏನಂತೀರಿ?"

ಈ ಎಂಟು ತಿಂಗಳಲ್ಲಿ ಕಲ್ಲಿನ ವಿಚಾರದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಹೋಗ್ತೀನಿ," ಅಂದ. "ನೆಪ ಬೇಡ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ನಾನೂ ಬರಲಾ?"

ಬನ್ನಿ ಎಂದುಬಿಡುವಷ್ಟು ಆಸೆಯಾಯಿತು. "ಬೇಡ ಅತ್ತೆ. ಬೀಳಿಸಿದ್ದು ನಾನು."

ನರ್ಸಮ್ಮ ಆ ತಿಂಗಳಷ್ಟೇ ಕೆಲಸದಿಂದ ನಿವೃತ್ತಳಾದವಳು. ಆಸ್ಪತ್ರೆಯವರು ಕೊಟ್ಟ ಗೋಡೆ ಗಡಿಯಾರವನ್ನು ತಮ್ಮನಿಗೆ ದಾಟಿಸಿ, ತನಗೆ ಬೇಕಾದದ್ದನ್ನು ತಾನೇ ಕೊಂಡುಕೊಳ್ಳುತ್ತೇನೆ ಎಂದು ಈ ಸರ ಕೊಂಡಿದ್ದಳು. ಅಳಿಯ ಹೊಸ್ತಿಲ ಆಚೆಯೇ ನಿಂತು, ಚೀಲ ಕೊಂಡದ್ದರಿಂದ ಜರಡಿ ಹಿಡಿದದ್ದರವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅವಳ ಕೈ ತಾನಾಗಿ ಕೊರಳಿಗೆ ಹೋಯಿತು.

"ಎಷ್ಟು ಗಾಜು ಇದೆ?"

"ಗೊತ್ತಿಲ್ಲ. ನೋಡಬೇಕು."

"ಹೇಗೆ ನೋಡ್ತೀರಿ?"

"ಒಂದಿಷ್ಟು ನೀರು ಬೇಕು. ಆಮೇಲೆ, ತಪ್ಪು ತಿಳ್ಕೋಬೇಡಿ, ನಾನು ಸ್ವಲ್ಪ ಮಲಗಬೇಕು."

ನರ್ಸಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಮೂವತ್ತೈದು ವರ್ಷದಲ್ಲಿ ಬೇಕಾದಷ್ಟು ಜನ ಮಲಗಿದ್ದಾರೆ ನನ್ನ ಮುಂದೆ. ಬನ್ನಿ."

ಸರದ ದಾರ ಕತ್ತರಿಸಿದ. ಅರವತ್ತು ಮಣಿ ಸ್ಟೀಲಿನ ಪಾತ್ರೆಯ ನೀರಿಗೆ ಬಿದ್ದವು. ಅಳಿಯ ಕಿಟಕಿಯ ಹತ್ತಿರ ನೆಲದ ಮೇಲೆ ಮಲಗಿದ. ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತು, ಒಂದೊಂದನ್ನೇ ಒರೆಸಿ ಅವನ ಕೈಗೆ ಕೊಟ್ಟಳು. ಹನ್ನೆರಡನೆಯದು ಎರಡೇ ಉಸಿರಿಗೆ ಮಾಯವಾಯಿತು. ಅದನ್ನು ಬಲಕ್ಕಿಟ್ಟಾಗ ಅವನಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ಅತ್ತೆಯ ರೆಪ್ಪೆಯಿಂದ ಅಲ್ಲ, ತನ್ನದೇ ರೆಪ್ಪೆಯಿಂದ ತಾನು ಅದನ್ನು ಹಿಡಿದಿದ್ದ. ಮೂವತ್ತರ ನಂತರ ಎರಡು ಸಲ ಅಂಗೈ ಕಾಯಿಸಿ ವಿಶ್ರಾಂತಿ ಕೊಟ್ಟ. ನಲವತ್ತೊಂದನೆಯದೂ ಗಾಜು. ಕೊನೆಕೊನೆಗೆ ಬಿಸಿಲು ಕಿಟಕಿಯಿಂದ ಇಳಿದು ಪಾತ್ರೆಯ ಅಂಚಿಗೆ ಬಂದಿತ್ತು. ಐವತ್ತೆಂಟನೆಯದು ಮೂರು ಉಸಿರು ತಾಳಿತು. ನಾಲ್ಕನೆಯ ಉಸಿರಿಗೆ ಅನುಮಾನವಾಯಿತು. ಮತ್ತೆ ಇಟ್ಟುಕೊಂಡ. ಮತ್ತೂ ಅನುಮಾನ.

"ಕೊಡಿ ಇಲ್ಲಿ. ಜ್ವರ ನೋಡಿದ ಕೈ ಇದು," ಅಂದಳು ನರ್ಸಮ್ಮ. ಕುರ್ಚಿಗೆ ಒರಗಿ ರೆಪ್ಪೆಗೆ ಇಟ್ಟುಕೊಂಡಳು. ಅವಳ ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು. "ನನಗೆ ಕಲ್ಲು ಅನ್ನಿಸ್ತದೆ."

"ನನಗೆ ಖಾತ್ರಿಯಾಗ್ತಿಲ್ಲ. ಖಾತ್ರಿಯಾಗದ್ದನ್ನ ಕಟ್ಟಿಕೊಡಲಾರೆ."

ಮೂರು ಮಣಿ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು, ಐವತ್ತೇಳನ್ನು ಅಲ್ಲೇ ಕೂತು ಪೋಣಿಸಿದ. ಮಣಿಗೊಂದು ಗಂಟು, ದಪ್ಪ ಬೆರಳಿಗೆ ರೇಷ್ಮೆ ದಾರ ಸಿಗುತ್ತಲೇ ಇರಲಿಲ್ಲ. ಮಧ್ಯಾಹ್ನ ದಾಟಿತು. ಸರ ಎರಡು ಬೆರಳು ಗಿಡ್ಡವಾಗಿತ್ತು. ನರ್ಸಮ್ಮ ಕನ್ನಡಿ ನೋಡಿಕೊಂಡು, "ಕೊರಳೂ ಸೊರಗಿದೆ, ಸರಿಯಾಯ್ತು," ಅಂದಳು. ಬಾಗಿಲವರೆಗೆ ಬಂದು, "ನನ್ನ ತಂಗಿಗೂ ಒಂದು ಬೇಕು. ಅವಸರ ಇಲ್ಲ. ನೀವು ಮಲಗಿ ನೋಡಿದ್ದೇ ಬೇಕು," ಅಂದಳು.

ಮನೆಗೆ ಬಂದಾಗ ಅತ್ತೆ ಚಾಪೆಯ ಮೇಲೆ ಕೂತು ಸಾಣೆಯ ಧೂಳು ಒರೆಸುತ್ತಿದ್ದಳು. ಅಡುಗೆಮನೆಯಲ್ಲಿ ಮಾವ ಅನ್ನ ಬಸಿಯುತ್ತಿದ್ದ. ಅಳಿಯ ಕಾಗದ ಬಿಚ್ಚಿ ಮುಂದಿಟ್ಟ.

"ಮೂರು," ಅಂದ.

ಅತ್ತೆ ಮೂರನ್ನೂ ನೀರಿಗೆ ಹಾಕಿ, ಕಾದು, ಒರೆಸಿ, ಒಂದೊಂದಾಗಿ ರೆಪ್ಪೆಗಿಟ್ಟಳು. ಮೊದಲನೆಯದು ಕೆಳಗೆ. ಎರಡನೆಯದು ಕೆಳಗೆ. ಮೂರನೆಯದು ಅಲ್ಲೇ ಉಳಿಯಿತು. ಹೆಂಡತಿ ಇಕ್ಕಳ ಹಿಡಿದುಕೊಂಡೇ ಹತ್ತಿರ ಬಂದಳು.

"ಇದು ನಮ್ಮದು," ಅಂದಳು ಅತ್ತೆ ಕಣ್ಣು ತೆರೆಯದೆ.

ಅಳಿಯನ ಮುಖ ಇಳಿಯಿತು. "ನರ್ಸಮ್ಮ ಹೇಳಿದರು. ನಾನೇ ಕೇಳಲಿಲ್ಲ. ಪಾತ್ರೆಗೆ ಬಿಸಿಲು ಬಿದ್ದಿತ್ತು, ನೋಡಿಕೊಳ್ಳಬೇಕಿತ್ತು. ತಪ್ಪಿದೆ."

"ತಪ್ಪಿದ್ರಿ. ನಾನೂ ತಪ್ತೀನಿ, ಆ ಕಡೆಗೇ ತಪ್ತೀನಿ. ಕಲ್ಲನ್ನ ಹೊರಗಿಟ್ಟರೆ ಒಂದು ಬಸ್ಸಿನ ಓಡಾಟ, ಅಷ್ಟೇ. ನಾಳೆ ಹೋಗಿ ಕೊಟ್ಟು ಬನ್ನಿ." ಅವಳು ತನ್ನ ಮಣಿಕಟ್ಟನ್ನು ತಿರುವಿ ನೋಡಿಕೊಂಡಳು. "ಬಂದ ಮೇಲೆ ಸಾಣೆಗೆ ಕೂತ್ಕೊಳ್ಳಿ. ಈ ಕೈ ಇನ್ನು ಪೂರಾ ದಿನ ಎಳೆಯೋದಿಲ್ಲ. ನಾನು ಪಕ್ಕದಲ್ಲಿ ಇರ್ತೀನಿ."

ಅತ್ತೆ ಮಣಿಯನ್ನು ನೀರಿನಲ್ಲಿ ಅದ್ದಿ, ಒರೆಸಿ, ಅಳಿಯನ ಅಂಗೈಗೆ ಹಾಕಿದಳು. ಅವನು ಚಾಪೆಯ ಮೇಲೆ ಅಂಗಾತನಾಗಿ ಅದನ್ನು ರೆಪ್ಪೆಯ ಮೇಲಿಟ್ಟುಕೊಂಡ.

ಮಾವ ಅಡುಗೆಮನೆಯಿಂದ ಕರೆದ, "ಏಳಿ ಎಲ್ಲರೂ, ಅನ್ನ ಆರ್ತಾ ಇದೆ."

ಹೆಂಡತಿ ಕೈ ತೊಳೆಯಲು ಹೋದಳು. ಮಗಳು ತಟ್ಟೆ ಹಾಕಿದಳು. ಮಾವ ಇನ್ನೊಮ್ಮೆ ಕರೆದ. ಅಳಿಯ ಏಳಲಿಲ್ಲ. ಮಣಿ ಇನ್ನೂ ತಣ್ಣಗಿತ್ತು.